ಕೊಕ್ಕೆ ಹಾಕಿದ ಪದಗಳು

ಹೋದ ತಿಂಗಳು ಒಂದು ಎಡವಟ್ಟು ಮಾಡಿಕೊಂಡೆ. ಮಾವು ಬೆಳೆಗಾರರಿಗೆ ಅಂತ ಒಂದು ಕಿರುಪುಸ್ತಕ, ಇಂಗ್ಲಿಷಿನಿಂದ ಕನ್ನಡಕ್ಕೆ ತರಬೇಕಿತ್ತು. ಅನುವಾದವೇ ನನ್ನ ಹೊಟ್ಟೆಪಾಡು. ಇವತ್ತು ಮಾವು, ನಾಳೆ ಬಾಡಿಗೆ ಕರಾರು, ನಾಡಿದ್ದು ಯಾವುದೋ ಆ್ಯಪ್‌ನ ಸೂಚನೆಗಳು. ಆ ಪುಸ್ತಕದ ತುಂಬ ತಳಿಗಳ ಹೆಸರು. ಪ್ರತಿ ಹೆಸರಿಗೂ ಎಡಕ್ಕೊಂದು ಬಲಕ್ಕೊಂದು ಕೊಕ್ಕೆ. ‘ಮಲ್ಲಿಕಾ’, ‘ಆಮ್ರಪಾಲಿ’, ‘ನೀಲಂ’, ‘ದಶಹರಿ’. ಪುಟದ ಮೇಲೆ ಸೊಳ್ಳೆ ಕೂತ ಹಾಗೆ ಕಾಣುತ್ತಿತ್ತು. ಫೈಂಡ್ ಆ್ಯಂಡ್ ರಿಪ್ಲೇಸ್ ಒತ್ತಿ ಎಲ್ಲವನ್ನೂ ಗುಡಿಸಿ ಹಾಕಿದೆ. ಪುಟ ಚೊಕ್ಕಟವಾಯಿತು. ಕಳಿಸಿಬಿಟ್ಟೆ.

ಎರಡು ದಿನ ಬಿಟ್ಟು ಪುಸ್ತಕ ತಿದ್ದುವ ತೋಟಗಾರಿಕೆ ಮೇಷ್ಟರು ಫೋನ್ ಮಾಡಿದರು. ಬೈಯಲಿಲ್ಲ. ನಾನೇ ಬರೆದ ಒಂದು ಸಾಲು ಓದಿದರು: “ನೀಲಂ ಮತ್ತು ದಶಹರಿ ಕೂಡಿ ಹುಟ್ಟಿದ ಮಲ್ಲಿಕಾ, ಆಮ್ರಪಾಲಿಗಿಂತ ದಪ್ಪ.” ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದು ಮಾವಿನ ಪುಸ್ತಕವೋ, ಸಂಜೆ ಏಳರ ಧಾರಾವಾಹಿಯೋ?” ಅಂದರು.

ಆಮೇಲೆ ಪಾಠ ಶುರುವಾಯಿತು. ಬೆಳೆಸಿದ ಗಿಡಗಳಿಗೆ ಹೆಸರಿಡುವುದಕ್ಕೆ ಅಂತಲೇ ಒಂದು ಅಂತಾರಾಷ್ಟ್ರೀಯ ಸಂಹಿತೆ ಇದೆ. ಅದರ ಪ್ರಕಾರ ತಳಿಯ ಹೆಸರನ್ನು ಒಂಟಿ ಕೊಕ್ಕೆಯೊಳಗೇ ಬರೆಯಬೇಕು. ಮ್ಯಾಂಜಿಫೆರಾ ಇಂಡಿಕಾ ‘ಮಲ್ಲಿಕಾ’, ಹೀಗೆ. ಜೋಡಿ ಕೊಕ್ಕೆ ಹಾಕಿದರೂ ತಪ್ಪು. ಕಾಡಿನಲ್ಲಿ ತಾನಾಗಿ ಹುಟ್ಟಿದ್ದಕ್ಕೆ ಲ್ಯಾಟಿನ್ ಹೆಸರು, ಮನುಷ್ಯ ಆರಿಸಿ ಉಳಿಸಿಕೊಂಡಿದ್ದಕ್ಕೆ ಈ ಕೊಕ್ಕೆ. 1959ರಿಂದೀಚೆಗೆ ಹೊಸ ತಳಿಗೆ ಲ್ಯಾಟಿನ್ ರೂಪದ ಹೆಸರು ಇಡುವ ಹಾಗೂ ಇಲ್ಲ, ಜನರ ನಾಲಿಗೆಯ ಮೇಲಿರುವ ಭಾಷೆಯಲ್ಲೇ ಇರಬೇಕು. ಅಂದರೆ ನಾನು ಗುಡಿಸಿ ಹಾಕಿದ್ದು ಕಸವನ್ನಲ್ಲ, ಗಿಡದ ಕೊರಳಿಗೆ ಕಟ್ಟಿದ್ದ ಚೀಟಿಯನ್ನು.

‘ಬಾದಾಮಿ’ಯನ್ನೇ ತಗೊಳ್ಳಿ. ನಮ್ಮ ಕಡೆ ಆಲ್ಫಾನ್ಸೊ ಮಾವಿಗೆ ಬಾದಾಮಿ ಅಂತೀವಿ. ಹಾಲಿಗೆ ಹಾಕುವುದೂ ಬಾದಾಮಿ. ಚಾಲುಕ್ಯರ ರಾಜಧಾನಿಯೂ ಬಾದಾಮಿ. “ಈ ಸಲ ಬಾದಾಮಿ ಚೆನ್ನಾಗಿತ್ತು” ಅಂದರೆ ತಿಂದು ಬಂದನೋ ನೋಡಿ ಬಂದನೋ ಅಂತ ಕೇಳಬೇಕಾಗುತ್ತದೆ.

ಅಲ್ಲಿಂದ ನನಗೆ ಈ ಕೊಕ್ಕೆಗಳ ಹುಚ್ಚು ಹಿಡಿಯಿತು. ದಿನಾ ಬೇರೆ ಬೇರೆ ಕಸುಬಿನವರ ಕಾಗದ ಕೈಗೆ ಬರುತ್ತವಲ್ಲ, ನೋಡುತ್ತಾ ಹೋದೆ. ಚಿಹ್ನೆ ಎಲ್ಲ ಕಡೆ ಒಂದೇ. ಅದು ಕೊಡುವ ಮಾತು ಮಾತ್ರ ಒಂದೊಂದು ಕಡೆ ಒಂದೊಂದು. ನಾವು ಫೇಸ್‌ಬುಕ್ಕಿನಲ್ಲಿ ಎಲ್ಲವನ್ನೂ ಒಂದೇ ಥರ ಓದಿ ಜಗಳ ಆಡುತ್ತೇವೆ. ನನ್ನ ತಕರಾರು ಅದೇ.

ಕಾನೂನಿನವರದ್ದು ನೋಡಿ. ಯಾವುದೇ ಕಾಯ್ದೆ ತೆಗೆದರೂ ಶುರುವಿನಲ್ಲೇ ಪದಗಳ ಪಟ್ಟಿ ಇರುತ್ತದೆ, ಎಲ್ಲಕ್ಕೂ ಕೊಕ್ಕೆ. “ವ್ಯಕ್ತಿ” ಎಂದರೆ ಕಂಪನಿಯೂ ಸೇರುತ್ತದೆ. “ವರ್ಷ” ಎಂದರೆ ಬ್ರಿಟಿಷ್ ಕ್ಯಾಲೆಂಡರಿನ ವರ್ಷ. ಕಾಯ್ದೆಗಳಲ್ಲಿ ಬರುವ ಪದಗಳಿಗೆ ಅರ್ಥ ಹೇಳುವುದಕ್ಕೆ ಅಂತಲೇ ಇರುವ 1897ರ ಜನರಲ್ ಕ್ಲಾಸಸ್ ಆಕ್ಟ್ ಹಾಗೇ ಹೇಳುತ್ತದೆ, ಯುಗಾದಿಯಿಂದ ಯುಗಾದಿಗೆ ಲೆಕ್ಕ ಹಾಕಿಕೊಂಡು ಕೂತರೆ ಕೆಟ್ಟಿರಿ. ಇಲ್ಲಿ ಕೊಕ್ಕೆಯ ಅರ್ಥ ಇಷ್ಟೇ: ಈ ಪದ ನಿಮಗೆ ಗೊತ್ತಿದೆ ಅಂದುಕೊಳ್ಳಬೇಡಿ, ಈ ಮನೆಯಲ್ಲಿ ನಾವು ಹೇಳಿದ್ದೇ ಅರ್ಥ.

ಈ ಮನೆಯಲ್ಲಿ ಅಂದೆನಲ್ಲ, ಅದು ಮುಖ್ಯ. ಪಕ್ಕದ ಮನೆಯಲ್ಲಿ ಅದೇ ಪದಕ್ಕೆ ಬೇರೆ ಅರ್ಥ ಇರಬಹುದು. ‘ಸದ್ಭಾವನೆ’ ಎಂಬ ಪದ ಇದೆ, ಕಾನೂನು ಇಂಗ್ಲಿಷಿನ ಗುಡ್ ಫೇತ್. ಪಕ್ಕದ ಮನೆಯವರು ಊರಿಗೆ ಹೋಗುವಾಗ ಬೀಗದ ಕೈ ನನ್ನ ಹತ್ತಿರ ಕೊಟ್ಟು ಹೋದರು ಅಂತಿಟ್ಟುಕೊಳ್ಳಿ. ಯಾರೋ ಬಂದು “ನಾನು ಅವರ ತಮ್ಮ” ಅಂದ. ನಂಬಿ ಕೊಟ್ಟೆ. ಮೋಸದ ಯೋಚನೆ ಲವಲೇಶವೂ ಇರಲಿಲ್ಲ. ಆದರೆ ಅವನ ಹೆಸರು ಕೇಳಲಿಲ್ಲ, ಒಂದು ಫೋನೂ ಮಾಡಲಿಲ್ಲ. ಇದು ಸದ್ಭಾವನೆಯೇ? 1897ರ ಆಕ್ಟ್ ಕೊಡುವ ಅರ್ಥದಲ್ಲಿ ಹೌದು. ಪ್ರಾಮಾಣಿಕವಾಗಿ ಮಾಡಿದ್ದರೆ ಸಾಕು, ಅಜಾಗರೂಕತೆ ಇದ್ದರೂ ಪರವಾಗಿಲ್ಲ ಎನ್ನುತ್ತದೆ ಅದು. 1860ರ ದಂಡ ಸಂಹಿತೆ ಕೇಳಿದರೆ ಅಲ್ಲ. ಸರಿಯಾದ ಎಚ್ಚರಿಕೆ ಮತ್ತು ಗಮನ ಇಲ್ಲದೆ ಮಾಡಿದ್ದು ಯಾವುದೂ ಸದ್ಭಾವನೆಯದಲ್ಲ ಎಂದು ಅದರ 52ನೇ ಕಲಮು. ಈಗ ಅದರ ಜಾಗಕ್ಕೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯೂ ಆ ಅರ್ಥವನ್ನೇ ಉಳಿಸಿಕೊಂಡಿದೆ. ಒಂದೇ ದೇಶ, ಅದೇ ಪದ, ಅದೇ ಕೊಕ್ಕೆ. ಒಂದು ಕಡೆ ನಾನು ಸಾಚಾ ಮನುಷ್ಯ, ಇನ್ನೊಂದು ಕಡೆ ಹೊಣೆಗೇಡಿ. ಯಾವ ಕಾಯ್ದೆಯ ಕೊಕ್ಕೆ ಅಂತ ನೋಡದೆ “ಕಾನೂನಿನಲ್ಲೇ ಇದೆ ರೀ” ಅಂತ ಕಮೆಂಟು ಹಾಕುವವರಿಗೆ ನಮಸ್ಕಾರ.

ಆಸ್ಪತ್ರೆಯ ಕಥೆ ಬೇರೆ. ಅಲ್ಲಿ ಕೊಕ್ಕೆ ನಿಜವಾಗಿಯೂ ಇನ್ನೊಬ್ಬರ ಮಾತು. ರೋಗಿ ಏನು ಅಂತ ಬಂದರೋ ಅದನ್ನು ಅವರದೇ ಮಾತಿನಲ್ಲಿ ಮೊದಲು ಬರೆದುಕೊಳ್ಳಬೇಕು ಅಂತ ವೈದ್ಯರಿಗೆ ಕಲಿಸುತ್ತಾರೆ. ರೋಗದ ಹೆಸರು ಆಮೇಲೆ. ಎಷ್ಟು ಒಳ್ಳೆಯ ಪದ್ಧತಿ ಅಂತ ನನಗೆ ಗೊತ್ತಾಗಿದ್ದು ಅದು ತಪ್ಪಿದ ದಿನ.

ಮೂರು ವರ್ಷದ ಹಿಂದೆ ಅಮ್ಮನನ್ನು ರಾತ್ರಿ ಹೊತ್ತು ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಅಮ್ಮ ಹೇಳಿದ್ದು ಒಂದೇ ಮಾತು, “ಸಂಕಟ ಆಗ್ತಿದೆ.” ನಮ್ಮ ಮನೆಯಲ್ಲಿ ಸಂಕಟ ಅಂದರೆ ಹೊಟ್ಟೆಯಿಂದ ಎದೆಯವರೆಗೆ ಏನೋ ಹಿಂಡಿದ ಹಾಗೆ, ವಾಂತಿ ಬಂದ ಹಾಗೂ ಇರುತ್ತದೆ, ಬರುವುದೂ ಇಲ್ಲ. ಡಾಕ್ಟರ ಹುಡುಗಿ ಬೇರೆ ರಾಜ್ಯದವಳು. ಒಳ್ಳೆಯವಳೇ. ಪಕ್ಕದಲ್ಲಿದ್ದವರು ಇಂಗ್ಲಿಷಿನಲ್ಲಿ ಹೇಳಿಕೊಟ್ಟರು. ಸಂಕಟ ಅಂದರೆ ದುಃಖ, ಕಳವಳ. ಚೀಟಿಯ ಮೇಲೆ ಬಿದ್ದ ಪದ ಆಂಕ್ಸೈಟಿ. ನಿದ್ದೆ ಮಾತ್ರೆ ಕೊಟ್ಟು ಕಳಿಸಿದರು. ಬೆಳಗ್ಗೆ ಮತ್ತೆ ಹೋದಾಗ ಇದ್ದ ಡಾಕ್ಟರೂ ಆ ಪದವನ್ನೇ ಓದಿಕೊಂಡು, “ಮನೆಯಲ್ಲಿ ಏನಾದ್ರೂ ಟೆನ್ಷನ್ ಇದೆಯಾ?” ಅಂತ ಕೇಳಿದರು. ಟೆನ್ಷನ್ ಇಲ್ಲದ ಮನೆ ಯಾವುದಿದೆ? ಇದೆ ಅಂದೆ. ಮೂರನೇ ದಿನ ಸ್ಕ್ಯಾನ್ ಮಾಡಿದರೆ ಪಿತ್ತಕೋಶದ ತುಂಬ ಕಲ್ಲು.

ಆ ಚೀಟಿಯಲ್ಲಿ “ಸಂಕಟ” ಅಂತಲೇ ಕೊಕ್ಕೆ ಹಾಕಿ ಬರೆದಿದ್ದರೆ? ಬೆಳಗಿನ ಡಾಕ್ಟರು ಇದೇನಿದು ಅಂತ ಒಂದು ಸಲ ಕೇಳುತ್ತಿದ್ದರು. ಅಷ್ಟೇ ಸಾಕಿತ್ತು. ಅರ್ಥವಾಗದ ಪದ ಕೊಕ್ಕೆಯೊಳಗೆ ಇದ್ದರೆ ಅದು ಬಾಗಿಲು ತಟ್ಟುತ್ತಾ ಇರುತ್ತದೆ. ತಪ್ಪು ಅನುವಾದ ಚಿಲಕ ಹಾಕಿಬಿಡುತ್ತದೆ. ಅನುವಾದಕನಾಗಿ ಈ ಮಾತು ಹೇಳುವುದು ನನಗೇನೂ ಖುಷಿಯಲ್ಲ. ನಮ್ಮ ಉಷ್ಣ, ಜೋಮು, ವಾಯು, ಚಳಕು ಇವನ್ನೆಲ್ಲ ಯಾರಾದರೂ ಇಂಗ್ಲಿಷಿಗೆ ತಂದು ತೋರಿಸಲಿ ನೋಡೋಣ.

ಕಂಪ್ಯೂಟರಿನದ್ದು ಹಠಮಾರಿ ಕೊಕ್ಕೆ. 5ಕ್ಕೆ 5 ಕೂಡಿಸಿದರೆ 10. ಎರಡಕ್ಕೂ ಕೊಕ್ಕೆ ಹಾಕಿ ಕೂಡಿಸಿ ಅಂದರೆ ಬಹಳಷ್ಟು ಪ್ರೋಗ್ರಾಮಿಂಗ್ ಭಾಷೆಗಳು 55 ಅನ್ನುತ್ತವೆ. ಕೊಕ್ಕೆ ಬಿದ್ದ ಕೂಡಲೇ ಅದು ಸಂಖ್ಯೆ ಆಗಿ ಉಳಿಯುವುದಿಲ್ಲ, ಬರೀ ಅಕ್ಷರ. ಅದೂ ನೆಟ್ಟಗಿನ ಕೊಕ್ಕೆಯೇ ಆಗಬೇಕು. ವರ್ಡ್ ಫೈಲಿನಿಂದ ಚೆಂದದ ಬಾಗಿದ ಕೊಕ್ಕೆ ಅಂಟಿಸಿದರೆ ಪ್ರೋಗ್ರಾಮು ಅಲ್ಲೇ ಮುಗ್ಗರಿಸುತ್ತದೆ. ಹುಡುಕಾಟದಲ್ಲೂ ಹೀಗೆ. ಕೊಕ್ಕೆಯೊಳಗೆ ಹಾಕಿದರೆ ಅಕ್ಷರಶಃ ಅದೇ ಬೇಕು ಅಂತ. ಇಂಗ್ಲಿಷಿಗೆ ಇದು ಒಪ್ಪುತ್ತದೆ, ಕನ್ನಡಕ್ಕೆ ಕಷ್ಟ. ನಮ್ಮ ಪದಗಳು ಬಾಲ ಇಲ್ಲದೆ ಮನೆ ಬಿಟ್ಟು ಹೊರಡುವುದಿಲ್ಲವಲ್ಲ. “ತುಂಗಾ ನದಿ” ಅಂತ ಕೊಕ್ಕೆ ಹಾಕಿ ಹುಡುಕಿದರೆ ತುಂಗಾ ನದಿಯ, ನದಿಗೆ, ನದಿಯಲ್ಲಿ, ನದಿಯಿಂದ ಎಂದು ಬರೆದದ್ದು ತಪ್ಪಿಹೋಗುತ್ತದೆ. “ಇಂಟರ್‌ನೆಟ್ಟಿನಲ್ಲಿ ಕನ್ನಡದಲ್ಲಿ ಏನೂ ಇಲ್ಲ” ಅನ್ನುವ ಗೆಳೆಯರೇ, ವಿಭಕ್ತಿ ಹಚ್ಚಿ ಇನ್ನೊಂದು ಸಲ ಹುಡುಕಿ.

ಈ ಅಕ್ಷರ ಬೇರೆ, ವಸ್ತು ಬೇರೆ ಅನ್ನುವ ತಲೆಬಿಸಿ ಹಳೆಯದು. ನಾಯಿಗೆ ನಾಲ್ಕು ಕಾಲು. ‘ನಾಯಿ’ಗೆ ಎರಡು ಅಕ್ಷರ. ಕೊಕ್ಕೆ ತೆಗೆದು ನೋಡಿ, ನಾಯಿಗೆ ಎರಡು ಅಕ್ಷರ ಅಂದರೆ ನಾಯಿಯೇ ನಗುತ್ತದೆ. ಪೋಲೆಂಡಿನ ತರ್ಕಶಾಸ್ತ್ರಿ ತಾರ್ಸ್ಕಿ ಕಳೆದ ಶತಮಾನದಲ್ಲಿ, ‘ಹಿಮ ಬೆಳ್ಳಗಿದೆ’ ಎಂಬ ವಾಕ್ಯ ನಿಜವಾಗುವುದು ಹಿಮ ಬೆಳ್ಳಗಿದ್ದರೆ ಮಾತ್ರ ಎಂದಾಗ ಅದರ ಕಸುವೆಲ್ಲ ಆ ಕೊಕ್ಕೆಯಲ್ಲೇ ಇತ್ತು. ಪಾಣಿನಿ ಎರಡು ಸಾವಿರ ವರ್ಷಕ್ಕೂ ಹಿಂದೆ ಕೊಕ್ಕೆ ಇಲ್ಲದೆಯೇ ಇದನ್ನು ಬಗೆಹರಿಸಿದ್ದ. ‘ಸ್ವಂ ರೂಪಂ ಶಬ್ದಸ್ಯಾಶಬ್ದಸಂಜ್ಞಾ’ ಅಂತ ಒಂದು ಸೂತ್ರ. ನನ್ನ ವ್ಯಾಕರಣದಲ್ಲಿ ಒಂದು ಪದ ಬಂದರೆ ಆ ಪದವನ್ನೇ ತಗೋ, ಅದು ತೋರಿಸುವ ವಸ್ತುವನ್ನಲ್ಲ. ಪಾರಿಭಾಷಿಕ ಪದಕ್ಕೆ ಮಾತ್ರ ವಿನಾಯಿತಿ. ಅಗ್ನಿಗೆ ಇಂಥ ಪ್ರತ್ಯಯ ಹಚ್ಚು ಅಂದರೆ ‘ಅಗ್ನಿ’ ಎಂಬ ಶಬ್ದಕ್ಕೆ ಹಚ್ಚಬೇಕು. ಉರಿಯುವ ಕೆಂಡಕ್ಕೆ ಪ್ರತ್ಯಯ ಅಂಟಿಸೋಕಾಗುತ್ತಾ? ವಿನಾಯಿತಿಗೆ ಉದಾಹರಣೆ ನೀವೆಲ್ಲ ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೀರಿ. ವೃದ್ಧಿಸಂಧಿ. ಅಲ್ಲಿ ‘ವೃದ್ಧಿ’ ಅಂದರೆ ಆ, ಐ, ಔ ಎಂಬ ಸ್ವರಗಳು. ಏನೂ ಬೆಳೆಯುವುದಿಲ್ಲ.

ವಿಜ್ಞಾನದಲ್ಲಿ ಕೊಕ್ಕೆಗಳು ಹಾಲುಹಲ್ಲಿನ ಹಾಗೆ, ಬಂದು ಉದುರಿಹೋಗುತ್ತವೆ. ‘ಬಿಗ್ ಬ್ಯಾಂಗ್’ ಎಂಬ ಹೆಸರು ಬಂದಿದ್ದು ಖಗೋಳ ವಿಜ್ಞಾನಿ ಫ್ರೆಡ್ ಹಾಯ್ಲ್ 1949ರಲ್ಲಿ ಬಿಬಿಸಿ ರೇಡಿಯೋದಲ್ಲಿ ಆಡಿದ ಮಾತಿನಿಂದ. ಅವರು ಆ ಸಿದ್ಧಾಂತವನ್ನು ಒಪ್ಪದವರು. ಒಪ್ಪದವರ ಮಾತೇ ಒಪ್ಪಿದವರ ಹೆಸರಾಗಿ ಕೂತುಬಿಟ್ಟಿತು. ಕನ್ನಡದಲ್ಲಿ ಮಹಾಸ್ಫೋಟ ಅಂತ ಮಾಡಿದೆವು. ಎಷ್ಟು ಗಂಭೀರ! ನನ್ನ ಕೈಗೆ ಬಂದಿದ್ದರೆ ‘ದೊಡ್ಡ ಢಮಾರ್’ ಅಂತ ಬರೆಯುತ್ತಿದ್ದೆ. ಯಾರೂ ಅಚ್ಚು ಹಾಕುತ್ತಿರಲಿಲ್ಲ ಅನ್ನಿ.

ಇತಿಹಾಸದಲ್ಲಿ ಮಾತ್ರ ಕೊಕ್ಕೆ ಉದುರುವುದಕ್ಕೂ ಜಗಳ, ಏರುವುದಕ್ಕೂ ಜಗಳ. ಸುಳ್ಯದ ಕಡೆಯಿಂದ 1837ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಮಂಗಳೂರಿನವರೆಗೆ ಹೋದವರ ಕಥೆಯನ್ನು ಆ ಭಾಗದ ಹಳಬರು ‘ಕಲ್ಯಾಣಪ್ಪನ ಕಾಟಕಾಯಿ’ ಅನ್ನುತ್ತಿದ್ದರು. ಕಾಟಕಾಯಿ ಅಂದರೆ ಲೂಟಿ, ದಾಂಧಲೆ. ಈಗ ಅಮರ ಸುಳ್ಯ ಸ್ವಾತಂತ್ರ್ಯ ಸಮರ ಅನ್ನುತ್ತೇವೆ. ಯಾವ ಹೆಸರಿಗೆ ಕೊಕ್ಕೆ ಹಾಕಿದ್ದಾರೆ, ಯಾವುದನ್ನು ಬಿಟ್ಟಿದ್ದಾರೆ ಅಂತ ನೋಡಿದರೆ ಸಾಕು, ಬರೆದವರು ಯಾವ ಕಡೆ ನಿಂತಿದ್ದಾರೆ ಅಂತ ಗೊತ್ತಾಗುತ್ತದೆ.

ಈಗ ನನಗೆ ನಿಜವಾಗಿ ಸಿಟ್ಟು ಬರಿಸುವ ಕೊಕ್ಕೆಗೆ ಬರುತ್ತೇನೆ. ನಾವು ಫೇಸ್‌ಬುಕ್ಕಿನಲ್ಲಿ ದಿನಾ ಬಳಸುವುದು. ‘ಬುದ್ಧಿಜೀವಿ’ಗಳು, ‘ದೇಶಭಕ್ತ’ರು, ‘ಪ್ರಗತಿಪರ’ರು, ‘ಸಂಸ್ಕಾರವಂತ’ರು. ಎಡದವರೂ ಹಾಕುತ್ತಾರೆ, ಬಲದವರೂ ಹಾಕುತ್ತಾರೆ, ನಾನೂ ಹಾಕಿದ್ದೇನೆ. ಈ ಕೊಕ್ಕೆ ಯಾರ ಮಾತನ್ನೂ ಎತ್ತಿ ಹೇಳುತ್ತಿಲ್ಲ. ಯಾವ ಅರ್ಥವನ್ನೂ ಗೊತ್ತುಮಾಡುತ್ತಿಲ್ಲ. ಬಾಯಿ ಸೊಟ್ಟ ಮಾಡಿ ಅಣಕಿಸುತ್ತದೆ, ಅಷ್ಟೇ. ಆಡಿದವರಿಗೆ ಹೊಣೆ ಇಲ್ಲ. “ನಾನೇನು ಅಂದೆ? ಬರೀ ಬುದ್ಧಿಜೀವಿ ಅಂದೆ” ಅನ್ನಬಹುದು. ಪದಕ್ಕೆ ಆಗುವ ಗತಿ ನೋಡಿ. ಬುದ್ಧಿಜೀವಿ ಒಂದು ಕಾಲಕ್ಕೆ ಮರ್ಯಾದೆಯ ಪದ. ಈಗ ಕೊಕ್ಕೆ ತೆಗೆದು ಬರೆದರೂ ಓದುವವರಿಗೆ ಕೊಕ್ಕೆ ಕಾಣುತ್ತದೆ.

ಪೇಪರಿನವರದ್ದು ಇನ್ನೊಂದು ಜಾಣತನ. ತಲೆಬರಹದಲ್ಲಿ ಅರ್ಧಕ್ಕೆ ಮಾತ್ರ ಒಂಟಿ ಕೊಕ್ಕೆ. ಇದು ನಾವು ಹೇಳಿದ್ದಲ್ಲಪ್ಪಾ, ಯಾರೋ ಹೇಳಿದ್ದು ಅಂತ ಅದರ ಅರ್ಥ. ಹಾಗೆ ಹಾಕಿದ ಮಾತ್ರಕ್ಕೆ ಮಾನನಷ್ಟದ ಹೊಣೆ ತಪ್ಪುವುದಿಲ್ಲ, ಆದರೂ ಹಾಕುತ್ತಾರೆ. ಯಾರೋ ಅಂದರೆ ಯಾರು ಅಂತ ಕೆಳಗೆ ಸುದ್ದಿಯಲ್ಲಾದರೂ ಇರಬೇಕು. ಎಷ್ಟೋ ಸಲ ಇರುವುದಿಲ್ಲ.

ವಿಚಿತ್ರ ಏನು ಗೊತ್ತಾ? ಕನ್ನಡಕ್ಕೆ ಈ ಕೊಕ್ಕೆಯೇ ಬೇಕಿರಲಿಲ್ಲ. ತಾಳೆಗರಿಯಲ್ಲಿ ಕೊಕ್ಕೆ ಎಲ್ಲಿತ್ತು? ಎಂದು, ಎಂಬ, ಎಂದರೆ, ಎನಿಸಿಕೊಂಡ, ಎಲ್ಲವೂ ಒಂದೇ ಬೇರಿನವು. ವಚನಗಳ ‘ಎಂದೆನಿಸಯ್ಯ’ ಬಂದ ಕೂಡಲೇ ಯಾರ ಮಾತು ಎಲ್ಲಿಗೆ ಮುಗಿಯಿತು ಅಂತ ಕಿವಿಗೇ ಗೊತ್ತಾಗುತ್ತದೆ. ಅವನ ಮಾತನ್ನು ಹಾಗೇ ಒಪ್ಪಿಸುತ್ತಿದ್ದರೆ ‘ಬರ್ತೀನಿ ಅಂತ ಹೇಳಿದ’. ನನಗೆ ನೇರವಾಗಿ ಗೊತ್ತಿಲ್ಲದಿದ್ದರೆ ‘ಬರ್ತಾನಂತೆ’. ನಂಬಿಕೆ ಇಲ್ಲದಿದ್ದರೆ ಅದೇ ‘ಅಂತೆ’ಯನ್ನು ಸ್ವಲ್ಪ ಎಳೆದರೆ ಆಯಿತು. ಅರ್ಥ ಹೇಳುವುದಕ್ಕೆ ‘ಅಂದರೆ’. ದೊಡ್ಡವರು ಎಂದು ಊರೇ ಹೇಳಿದರೂ ನಾನು ಒಪ್ಪದಿದ್ದರೆ ‘ದೊಡ್ಡವರು ಅನ್ನಿಸಿಕೊಂಡವರು’. ಹವ್ಯಕರು ಇದೇ ಕೆಲಸಕ್ಕೆ ‘ಹೇಳಿ’ ಅನ್ನುತ್ತಾರೆ. ಒಂದೊಂದು ಕೆಲಸಕ್ಕೆ ಒಂದೊಂದು ಉಪಕರಣ ಇಟ್ಟುಕೊಂಡವರು ನಾವು, ಬರೆಯಲು ಕೂತಾಗ ಮಾತ್ರ ಎಲ್ಲಕ್ಕೂ ಒಂದೇ ಕೊಕ್ಕೆ. ಹೈಸ್ಕೂಲಿನಲ್ಲಿ ಜೋಡಿಗೆ ಉದ್ಧರಣ ಚಿಹ್ನೆ, ಒಂಟಿಗೆ ವಾಕ್ಯವೇಷ್ಟನ ಚಿಹ್ನೆ ಅಂತ ಬೇರೆ ಬೇರೆ ಕಲಿಸಿದ್ದರು. ಎರಡು ಅಂಕದ ಪ್ರಶ್ನೆ. ಪರೀಕ್ಷೆ ಮುಗಿದ ಮೇಲೆ ಮರೆತೆವು. ‘ಅಂತೆ’ ಬರೆದರೆ ಗಾಳಿಸುದ್ದಿ ಅನ್ನಿಸುತ್ತದೆ, ಅಂತೆ ಕಂತೆ ಅನ್ನುತ್ತಾರೆ ಅಂತ ಹೆದರಿಕೆ ಬೇರೆ. ನನ್ನ ಕೇಳಿದರೆ ಗಾಳಿಸುದ್ದಿಯನ್ನು ಗಾಳಿಸುದ್ದಿ ಅಂತ ಒಪ್ಪಿಕೊಳ್ಳುವ ಪದ ಅದೊಂದೇ.

ಅಮ್ಮ ಈಗ ಚೆನ್ನಾಗಿದ್ದಾರೆ, ಕಲ್ಲು ತೆಗೆಸಿಯಾಯಿತು. ಬೆಳಗ್ಗೆ ಕಾಫಿ ಹೊತ್ತಿಗೆ ಪೇಪರನ್ನು ಗಟ್ಟಿಯಾಗಿ ಓದುವುದು ಅವರ ಅಭ್ಯಾಸ. ಹೋದ ವಾರ ಗಮನಿಸಿದೆ. ತಲೆಬರಹದಲ್ಲಿ ಕೊಕ್ಕೆ ಸಿಕ್ಕ ಕಡೆಯೆಲ್ಲ ಅವರು ತಾವಾಗಿಯೇ ಒಂದು ಪದ ಸೇರಿಸಿಕೊಂಡು ಓದುತ್ತಾರೆ. ಕೆರೆ ಜಾಗ ‘ಒತ್ತುವರಿ’ ಅಂತ ಅಚ್ಚಾಗಿದ್ದರೆ, “ಕೆರೆ ಜಾಗ ಒತ್ತುವರಿ ಆಗಿದೆಯಂತೆ ಕಣೋ.” ಕೊಕ್ಕೆ ಇಲ್ಲದಿದ್ದರೆ, “ಒತ್ತುವರಿ ಆಗಿದೆ ಕಣೋ.” ಯಾರೂ ಕಲಿಸಿದ್ದಲ್ಲ. ನಿನ್ನೆ ಪೇಪರಿನ ನಡುವೆ ನಮ್ಮ ಬೀದಿಯ ಕೊನೆಗೆ ಹೊಸದಾಗಿ ಶುರುವಾದ ಮೆಸ್ಸಿನ ಕರಪತ್ರ ಇತ್ತು. ದಪ್ಪ ಅಕ್ಷರದಲ್ಲಿ, ಜೋಡಿ ಕೊಕ್ಕೆಯೊಳಗೆ: “ರುಚಿಯಾದ ಮನೆ ಊಟ”. ಅಮ್ಮ ಕನ್ನಡಕ ಸರಿಮಾಡಿಕೊಂಡು ಓದಿದರು.

“ರುಚಿಯಾದ ಮನೆ ಊಟ ಅಂತೆ.”

ಕರಪತ್ರ ಮಡಚಿ ಕಾಫಿ ಲೋಟದ ಮೇಲೆ ಮುಚ್ಚಿಟ್ಟರು, ನೊಣ ಕೂರದ ಹಾಗೆ.