ಎಷ್ಟ ಮಂದಿ ಬರ್ತಾರ?

ಯೌವನಸ್ಥರ ದಿನ ಪ್ರಾರ್ಥನೆಯಿಂದ ಶುರುವಾಗುತ್ತದೆ ಎಂದು ಕಾರ್ಯಕ್ರಮದ ಪಟ್ಟಿಯಲ್ಲಿ ಅಚ್ಚಾಗಿರುತ್ತದೆ. ಅದು ಸುಳ್ಳು. ಶುರುವಾಗುವುದು ಎಂಟು ದಿನ ಮೊದಲು, ಅಡಿಗೆಯ ಕಾಕಾನ ಫೋನಿನಿಂದ.

"ಸರ, ಎಷ್ಟ ಮಂದಿ ಬರ್ತಾರ?"

ಬೆಳಗಾವಿಯ ಕ್ಯಾಂಪಿನ ಕಡೆ ಇರುವ ನಮ್ಮ ಚರ್ಚಿನಲ್ಲಿ ವಿದ್ಯಾರ್ಥಿಗಳ ಈ ಒಂದು ದಿನದ ಕೂಟ ನಡೆಸುವ ಕೆಲಸ ಯಾವುದೋ ಮೀಟಿಂಗಿನಲ್ಲಿ ನಾನು ಗೈರುಹಾಜರಾದದ್ದಕ್ಕೆ ನನ್ನ ಕೊರಳಿಗೆ ಬಿತ್ತು. ಅಂದಿನಿಂದ ಪ್ರತಿ ವರ್ಷ ಈ ಪ್ರಶ್ನೆ ಬರುತ್ತದೆ, ಪ್ರತಿ ವರ್ಷ ನಾನು ತಪ್ಪು ಉತ್ತರ ಕೊಡುತ್ತೇನೆ. ಕಾಕಾನ ಲೆಕ್ಕ ಮಾತ್ರ ಪಕ್ಕಾ. ಒಂದು ಕಿಲೋ ಅಕ್ಕಿಗೆ ಹತ್ತು ಮಂದಿ, ಕಾಲೇಜಿನ ಹುಡುಗರಾದರೆ ಏಳು, ಹಾಸ್ಟೆಲಿನವರಾದರೆ "ಅದನ್ನ ಮಾತಾಡೂದ ಬ್ಯಾಡ್ರಿ".

ಮಂದಿಯನ್ನು ಎಣಿಸಲು ನನ್ನ ಹತ್ತಿರ ಇರುವುದು ವಾಟ್ಸಾಪ್ ಗ್ರೂಪ್ ಒಂದೇ. ಅದರಲ್ಲಿ ಮುನ್ನೂರು ಚಿಲ್ಲರೆ ಹೆಸರುಗಳಿವೆ. ಅರ್ಧದಷ್ಟು ಮಂದಿ ಓದು ಮುಗಿಸಿ ಬೆಂಗಳೂರು, ಪುಣೆ ಸೇರಿಯಾಗಿದೆ. "ಬರುವವರು ತಿಳಿಸಿರಿ" ಎಂದು ಹಾಕಿದರೆ ಸರಸರನೆ ಹೆಬ್ಬೆರಳುಗಳು ಬಂದು ಬೀಳುತ್ತವೆ. ಬರುತ್ತೇನೆ ಅಂತಲೋ, ಓದಿದೆ ಅಂತಲೋ, ಬಸ್ಸಿನ ಕುಲುಕಾಟಕ್ಕೆ ಒತ್ತಿಹೋಯಿತು ಅಂತಲೋ ಗೊತ್ತಾಗುವುದಿಲ್ಲ. ನಮ್ಮ ಅಜ್ಜ ಓದುಬರಹ ಬಾರದೆ ಒತ್ತುತ್ತಿದ್ದ ಹೆಬ್ಬೆಟ್ಟಿಗೆ ಕಚೇರಿಯಲ್ಲಿ ಬೆಲೆಯಿತ್ತು. ಇಂಜಿನಿಯರಿಂಗ್ ಓದುವವರು ಒತ್ತುವ ಈ ಹೆಬ್ಬೆಟ್ಟನ್ನು ನಂಬಿ ಒಂದು ಪಾವು ಅಕ್ಕಿ ನೆನೆಹಾಕುವಂತಿಲ್ಲ.

ಕಡೆಗೆ ಒಬ್ಬೊಬ್ಬರಿಗೇ ಫೋನು ಮಾಡುವುದು. ಆಗ ಸಿಗುವ ನೆಪಗಳು ಲೂಕನ ಸುವಾರ್ತೆಯ ಹದಿನಾಲ್ಕನೆಯ ಅಧ್ಯಾಯದ ಮುಂದುವರಿಕೆಯಂತಿರುತ್ತವೆ. ಅಲ್ಲಿ ಒಬ್ಬ ದೊಡ್ಡ ಔತಣಕ್ಕೆ ಕರೆಯುತ್ತಾನೆ. ಒಬ್ಬನು ಹೊಲ ಕೊಂಡಿದ್ದೇನೆ, ನೋಡಬೇಕು ಅನ್ನುತ್ತಾನೆ. ಇನ್ನೊಬ್ಬ ಐದು ಜೋಡಿ ಎತ್ತು ಕೊಂಡಿದ್ದೇನೆ, ಪರೀಕ್ಷಿಸಬೇಕು ಅನ್ನುತ್ತಾನೆ. ಮೂರನೆಯವನು ಮದುವೆಯಾಗಿದ್ದೇನೆ ಎಂದಷ್ಟೇ ಹೇಳಿ ಸುಮ್ಮನಾಗುತ್ತಾನೆ. ಈ ಎತ್ತಿನವನ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ನಮ್ಮ ಬೈಲಹೊಂಗಲದ ಕಡೆ ಒಂದು ಜೋಡಿ ಕೊಳ್ಳುವುದಕ್ಕೇ ಹಲ್ಲು ನೋಡಿ, ಸುಳಿ ನೋಡಿ, ಬಂಡಿ ಹೂಡಿ ನಡೆಸಿ, ಆಮೇಲೆ ಟವೆಲ್ಲಿನ ಕೆಳಗೆ ಕೈ ಹಿಡಿಯುತ್ತಾರೆ. ಐದು ಜೋಡಿ ಕೊಂಡ ಮೇಲೆ ಪರೀಕ್ಷೆಗೆ ಹೊರಟವನು ರೈತನಲ್ಲ, ಊಟ ತಪ್ಪಿಸಿಕೊಳ್ಳುವವನು. ನಮ್ಮ ಹುಡುಗರ ಇಂಟರ್ನಲ್ಸ್ ಕೂಡ ಅದೇ ತಳಿಯ ಎತ್ತು. ನರ್ಸಿಂಗ್ ಓದುವ ಹುಡುಗಿಯರ "ಡ್ಯೂಟಿ ಐತ್ರಿ ಸರ" ಎಂಬ ಒಂದನ್ನು ಮಾತ್ರ ನಾನು ನೆಪ ಎನ್ನುವುದಿಲ್ಲ. ಅವರು ರಾತ್ರಿಪಾಳಿ ಮುಗಿಸಿ, ನಿದ್ದೆಗಣ್ಣಿನಲ್ಲೇ ಬಂದು ಕೂತದ್ದನ್ನು ನೋಡಿದ್ದೇನೆ.

ನೇರವಾಗಿ ಕೇಳುವವರೂ ಇದ್ದಾರೆ: "ಚಿಕನ್ ಐತೇನ್ರಿ?"

ಇಲ್ಲ. ಎಲ್ಲ ಕಾಲೇಜುಗಳಿಗೂ ಒಟ್ಟಿಗೆ ರಜೆ ಸಿಗುವ ದಿನ ಬೇಕೆಂದು ನಾವು ಅಕ್ಟೋಬರ್ 2 ಹಿಡಿದಿದ್ದೇವೆ. ಅವತ್ತು ಮಾಂಸದ ಅಂಗಡಿಗಳು ಬಂದ್. ಪಲಾವು, ಮೊಸರಬಜ್ಜಿ, ಶಿರಾ. ಪಲಾವಿನಲ್ಲಿ ಸೋಯಾ ತುಂಡು ಹಾಕಿ ಮೋಸಗೊಳಿಸುವ ಕಾಕಾನ ಪ್ರಯತ್ನಕ್ಕೆ ಇದುವರೆಗೆ ಒಬ್ಬನೂ ಮೋಸಹೋಗಿಲ್ಲ.

ಗಾಂಧೀಜಿಯ ಹೆಸರು ಬಂದಾಗಲೆಲ್ಲ ನನಗೆ ಟಿಳಕವಾಡಿಯ ಕಾಂಗ್ರೆಸ್ ಬಾವಿ ನೆನಪಾಗುತ್ತದೆ. 1924ರ ಡಿಸೆಂಬರಿನಲ್ಲಿ ಅವರು ಅಧ್ಯಕ್ಷರಾದ ಅಧಿವೇಶನ ನಮ್ಮೂರಲ್ಲಿ ಆಯಿತಲ್ಲ, ಬಂದ ಮಂದಿಗೆ ನೀರು ಸಾಲಬೇಕೆಂದು ತೋಡಿಸಿದ ಬಾವಿ ಅದು. ನಾನಾದರೋ ಇಪ್ಪತ್ತು ಲೀಟರಿನ ನೀರಿನ ಕ್ಯಾನು ಐದು ಹೇಳಲೋ ಆರು ಹೇಳಲೋ ಎಂದು ಅರ್ಧ ದಿನ ಯೋಚಿಸುತ್ತೇನೆ. ಅಧಿವೇಶನದ ಏರ್ಪಾಡಿನ ಹೊಣೆ ಹೊತ್ತಿದ್ದ ಗಂಗಾಧರರಾವ್ ದೇಶಪಾಂಡೆಯವರು ಬಾವಿಯನ್ನೇ ತೋಡಿಸಿ ನಿಶ್ಚಿಂತರಾದರು. ಮಂದಿ ಎಷ್ಟೇ ಬರಲಿ, ಬಾವಿ ಉಳಿಯಿತು ಎಂದು ಯಾರೂ ಬೈಯುವುದಿಲ್ಲ. ಪಲಾವು ಉಳಿದರೆ ಖಜಾಂಚಿಯವರು ಬೈಯುತ್ತಾರೆ.

ದಿನ ಬಂತು. ಒಂಬತ್ತೂವರೆಗೆ ಆರಾಧನೆ ಅಂತ ಪಟ್ಟಿಯಲ್ಲಿತ್ತು. ಒಂಬತ್ತೂವರೆಗೆ ಹಾಲಿನಲ್ಲಿದ್ದವರು ನಾನು, ಕೀಬೋರ್ಡಿನ ಹುಡುಗ, ಮತ್ತು ಬ್ಯಾನರು. ಬ್ಯಾನರಿನ ಮೇಲೆ ಪ್ರಸಂಗಿ ಹನ್ನೆರಡರ ಮಾತು, ಯೌವನದಲ್ಲೇ ಸೃಷ್ಟಿಕರ್ತನನ್ನು ನೆನೆಯಬೇಕೆಂಬುದು. ಅಂಗಡಿಯವನು ಈ ಸಲವೂ ವಕಾರಕ್ಕೆ ಒಂದು ಒತ್ತಕ್ಷರ ಹೆಚ್ಚಿಗೆ ಕೊಟ್ಟು "ಯೌವ್ವನ" ಮಾಡಿದ್ದ. ಆ ವಯಸ್ಸೇ ಹಾಗೆ, ಸ್ವಲ್ಪ ಒತ್ತು ಜಾಸ್ತಿ ಎಂದುಕೊಂಡು ಕಟ್ಟಿದೆವು. ಹತ್ತೂವರೆಗೆ ಖಾನಾಪುರದ ಗುಂಪು ಇಳಿಯಿತು, ಹನ್ನೊಂದಕ್ಕೆ ಗೋಕಾಕದವರು, ಆಮೇಲೆ ಎಲ್ಲಿಂದ ಬಂದರೋ, ಕುರ್ಚಿಗಳೆಲ್ಲ ತುಂಬಿಬಿಟ್ಟವು.

ಹಾಡಿನ ಹೊತ್ತಿಗೆ ನಮ್ಮೂರಿನ ಗುಣ ಬಯಲಾಗುತ್ತದೆ. ಕನ್ನಡದಲ್ಲೊಂದು, ಮರಾಠಿಯಲ್ಲೊಂದು, ಹಿಂದಿಯಲ್ಲೊಂದು, ಕೇರಳದಿಂದ ನರ್ಸಿಂಗ್ ಓದಲು ಬಂದವರಿಗೆ ಮಲಯಾಳದಲ್ಲೊಂದು ಚರಣ. ಇದನ್ನು ಹೀಗೆ ತೂಗಿ ಹಂಚುವವನು ಕೀಬೋರ್ಡಿನ ಹುಡುಗ. ಒಂದು ಹೆಚ್ಚು ಕಡಿಮೆಯಾದರೂ ನಮ್ಮೂರಲ್ಲಿ ಏನಾಗುತ್ತದೆಂದು ಅವನಿಗೆ ಹೇಳಿಕೊಡಬೇಕಿಲ್ಲ. ಎಲ್ಲರ ಬಾಯಿಗೂ ಒಟ್ಟಿಗೆ ಸಿಗುವುದು ಹಲ್ಲೆಲೂಯ ಒಂದೇ. ಅದು ಇಬ್ರಿಯ ಮಾತಾದ್ದರಿಂದ ಯಾರ ಕಡೆಯದೂ ಅಲ್ಲ. ಹಿಂದಿನ ಸಾಲಿನ ಹಿರಿಯರಿಗೆ ಕೀಬೋರ್ಡು ಗದ್ದಲವೆನ್ನಿಸಿ, ಪೇಟಿ ತಬಲಾದ ಕೀರ್ತನೆ ಬೇಕು. ನಿಘಂಟಿನ ಕಿಟೆಲ್ಲರು 1862ರಲ್ಲೇ ಕ್ರಿಸ್ತನ ಕಥೆಯನ್ನು ನಮ್ಮ ಛಂದಸ್ಸಿಗೆ ಕೂರಿಸಿ 'ಕಥಾಮಾಲೆ' ಬರೆದರು ಎಂದು ಅವರಲ್ಲೊಬ್ಬರು ಪ್ರತಿ ವರ್ಷ ನನಗೆ ಹೇಳುತ್ತಾರೆ. ಜರ್ಮನಿಯಿಂದ ಬಂದವರಿಗೆ ಮಾತ್ರೆ ಎಣಿಸಲು ಬಂತು, ನಿನಗೆ ಕುರ್ಚಿ ಎಣಿಸಲು ಬರುವುದಿಲ್ಲವೇ ಎಂಬುದು ಅದರ ಒಳಾರ್ಥ. ಅವರಿಗೇ ಅವತ್ತು ಕುರ್ಚಿ ಸಿಕ್ಕಿರಲಿಲ್ಲ.

ಊಟದ ನಂತರ ಸಂದೇಶ ಇಡಬಾರದು. ಇದನ್ನು ನಾನು ಯಾವ ತರಬೇತಿಯಲ್ಲೂ ಕಲಿಯಲಿಲ್ಲ, ಅಪೊಸ್ತಲರ ಕೃತ್ಯಗಳಲ್ಲೇ ಇದೆ. ತ್ರೋವದಲ್ಲಿ ಪೌಲನು ಮಧ್ಯರಾತ್ರಿಯವರೆಗೆ ಪ್ರಸಂಗ ಮಾಡುತ್ತಿದ್ದಾಗ ಯೂತಿಖನೆಂಬ ಯುವಕ ಕಿಟಕಿಯಲ್ಲಿ ಕೂತಲ್ಲೇ ನಿದ್ದೆಹೋಗಿ ಮೂರನೆಯ ಅಂತಸ್ತಿನಿಂದ ಕೆಳಗೆ ಬೀಳುತ್ತಾನೆ. ಪೌಲನು ಇಳಿದು ಹೋಗಿ ತಬ್ಬಿಕೊಂಡು, ಜೀವ ಇದೆ ಅನ್ನುತ್ತಾನೆ. ಎಲ್ಲರಿಗೂ ಸಮಾಧಾನವಾಗುತ್ತದೆ. ಪೌಲನು ಮತ್ತೆ ಮೇಲೆ ಹತ್ತಿ, ರೊಟ್ಟಿ ಮುರಿದು ತಿಂದು, ಬೆಳಗಾಗುವವರೆಗೆ ಮಾತಾಡುತ್ತಾನೆ! ನಮ್ಮ ಅತಿಥಿಗಳೂ ಅದೇ ಪರಂಪರೆಯವರು. "ಕೊನೆಯದಾಗಿ ಒಂದು ಮಾತು" ಎಂದು ಮೂರು ಸಲ ಹೇಳಿದರು. ಕಿಟಕಿಯ ಕಟ್ಟೆಯ ಮೇಲೆ ಕೂತಿದ್ದ ಡಿಪ್ಲೊಮಾದ ಹುಡುಗನನ್ನು ನಾನೇ ಹೋಗಿ ಕೆಳಗಿಳಿಸಿದೆ. ನಮ್ಮದು ನೆಲಮಹಡಿ, ಆದರೂ.

ಊಟ ಏನಾಯಿತೆಂದು ಕೇಳುತ್ತೀರಿ. ನಾನು ನೂರಿಪ್ಪತ್ತು ಎಂದಿದ್ದೆ. ಕಾಕಾ ನನ್ನ ಮಾತು ಕೇಳಿಸಿಕೊಂಡು, ತನ್ನ ಮನಸ್ಸಿಗೆ ಬಂದಷ್ಟು ಅಕ್ಕಿ ಹಾಕಿದ್ದ. ಎಲ್ಲರಿಗೂ ಆಗಿ ಒಂದು ಪಾತೇಲಿ ಉಳಿಯಿತು. ಹಾಸ್ಟೆಲಿನವರು ಅದನ್ನೂ ಡಬ್ಬಿ ತುಂಬಿಕೊಂಡರು.

ಸಂಜೆ ವರದಿ ಬರೆಯಲು ಕೂತೆ. ಹಾಜರಿ ಎಂಬ ಕಲಮು ಖಾಲಿ ಬಿಡುವಂತಿಲ್ಲ. ಹೆಸರು ನೋಂದಾಯಿಸಿದವರು ತೊಂಬತ್ತೆಂಟು. ತಂದ ಇನ್ನೂರು ತಟ್ಟೆಯಲ್ಲಿ ಉಳಿದದ್ದು ನಲವತ್ತೊಂದು. ಆದರೆ ಎರಡನೆಯ ಸಲಕ್ಕೆ ಹೊಸ ತಟ್ಟೆ ಹಿಡಿದವರೆಷ್ಟು? ಕೂಡಿಸಿ, ಕಳೆದು, ಕಡೆಗೆ "ಸುಮಾರು 140" ಎಂದು ಬರೆದೆ.

ಬೆಳಿಗ್ಗೆ ಆರರಿಂದ ಉಳ್ಳಾಗಡ್ಡಿ ಹೆಚ್ಚಿ, ಬಡಿಸಿ, ಈಗ ಪಾತ್ರೆ ತಿಕ್ಕುತ್ತಿದ್ದ ಸ್ತ್ರೀಯರ ಕೂಟದ ಮಾವಶಿಯೊಬ್ಬರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಬಗ್ಗಿ ನೋಡಿದರು.

"ಇದರಾಗ ನಮ್ಮನ್ನ ಹಿಡದಿಯೇನೋ ತಮ್ಮಾ?"

ಹಿಡಿದಿರಲಿಲ್ಲ. ಒಳಗೆ ಹದಿನಾಲ್ಕು ಮಂದಿ ಇದ್ದರು.

"ಆತ ಬಿಡು," ಅಂದರು ಮಾವಶಿ. "ಐದ ರೊಟ್ಟಿ ಐದ ಸಾವಿರ ಮಂದಿಗಿ ಹಂಚಿದ್ದನ್ನ ಬರಿಯೂ ಮುಂದ ಮತ್ತಾಯನೂ ಹೆಂಗಸರು ಹುಡುಗರನ್ನ ಲೆಕ್ಕಕ್ಕ ಹಿಡೀಲಿಲ್ಲ. ನೀ ಎಲ್ಲಿ ಹಿಡೀತಿ?"