ಹೆಂಚಿನ ಗೂಡಿನಲ್ಲಿ ಮೈನಸ್ 38

ಮಾಲೂರಿನ ಹೆಂಚಿನ ಕಾರ್ಖಾನೆಯೊಂದರಲ್ಲಿ ನಾನು ಮೇಂಟೆನೆನ್ಸ್ ನೋಡಿಕೊಳ್ಳುತ್ತಿದ್ದಾಗ, ಗೂಡಿನ ತಾಪ ಅಳೆಯುವ ಸೆನ್ಸರ್, ಅಂದರೆ ಹಳೆಯ ಥರ್ಮೊಕಪಲ್, ಕೆಟ್ಟು ಹೊಸದನ್ನು ಕೂರಿಸುವ ಕೆಲಸ ನನ್ನ ಪಾಲಿಗೆ ಬಂತು. ಅದು ಕೆ ಮಾದರಿಯದು. ಹೊರಗೆ ಎರಡೇ ತಂತಿ, ಒಂದು ಹಳದಿ, ಒಂದು ಕೆಂಪು. ಸ್ಕೂಟರಿನ ಬ್ಯಾಟರಿ ಬಿಚ್ಚಿದ ದಿನದಿಂದಲೂ ಕೆಂಪೆಂದರೆ ಪ್ಲಸ್ ಎಂದೇ ನಂಬಿ ಬದುಕಿದ ನಾನು, ಪೊಟ್ಟಣದೊಳಗಿನ ಚೀಟಿಯನ್ನು ಬಿಡಿಸಿಯೂ ನೋಡಲಿಲ್ಲ.

ಗೂಡಿಗೆ ಬೆಂಕಿ ಹಾಕಿದರು. ಮೀಟರಿನಲ್ಲಿ 28 ಇದ್ದ ಅಂಕಿ ಏರುವ ಬದಲು ಹತ್ತಕ್ಕೆ, ಸೊನ್ನೆಗೆ ಇಳಿದು, ಕೊನೆಗೆ ಮೈನಸ್ 38 ಮುಟ್ಟಿತು. ನಲವತ್ತು ವರ್ಷದಿಂದ ಬೆಂಕಿ ನೋಡಿಕೊಂಡಿದ್ದ ಅಜ್ಜ ಅದನ್ನು ದಿಟ್ಟಿಸಿ, "ಸೌದೆ ಹಾಕ್ದಷ್ಟೂ ಚಳಿ ಜಾಸ್ತಿಯಾಗ್ತಿದೆ, ಕಂಬಳಿ ತರಲಾ ಸಾರ್?" ಎಂದರು.

ಚೀಟಿ ಬಿಡಿಸಿದೆ. ಅಮೆರಿಕದ ಬಣ್ಣದ ಪದ್ಧತಿಯಲ್ಲಿ ಥರ್ಮೊಕಪಲ್ಲಿನ ಕೆಂಪು ತಂತಿಯೇ ಮೈನಸ್! ಕ್ರೋಮೆಲ್ ಮತ್ತು ಅಲ್ಯುಮೆಲ್ ಎಂಬ ಎರಡು ಮಿಶ್ರಲೋಹಗಳ ತುದಿಗಳನ್ನು ಬೆಸೆದು ಬಿಸಿಯಲ್ಲಿಟ್ಟರೆ, ಬಿಸಿ ತುದಿಗೂ ತಣ್ಣನೆಯ ತುದಿಗೂ ಇರುವ ಅಂತರದ ಡಿಗ್ರಿಯೊಂದಕ್ಕೆ ಸುಮಾರು 41 ಮೈಕ್ರೋವೋಲ್ಟ್ ಹುಟ್ಟುತ್ತದೆ. ಪಾಪದ ಸೆನ್ಸರಿಗೆ ಗೊತ್ತಿರುವುದು ಅಂತರವೊಂದೇ. ಮೀಟರು ತನ್ನ ಕಾಲಬುಡದ ತಾಪವನ್ನು ಬೇರೆಯಾಗಿ ಅಳೆದು ಅದಕ್ಕೆ ಕೂಡಿಸಿಕೊಳ್ಳಬೇಕು. ತಂತಿ ಅದಲುಬದಲಾದ್ದರಿಂದ ನನ್ನ ಮೀಟರು ಕೂಡುವ ಲೆಕ್ಕವನ್ನು ಕಳೆಯುತ್ತ ಕುಳಿತಿತ್ತು. ರೋಧದಿಂದ ತಾಪ ಅಳೆಯುವ ಪಿಟಿ100 ಎಂಬ ಇನ್ನೊಂದು ಬಗೆಯ ಸೆನ್ಸರ್ ಆಗಿದ್ದರೆ ಈ ಮರ್ಯಾದೆ ಹೋಗುತ್ತಿರಲಿಲ್ಲ. ಅದರ ಪ್ಲಾಟಿನಂ ತಂತಿಯ ರೋಧ ಸೊನ್ನೆ ಡಿಗ್ರಿಯಲ್ಲಿ 100 ಓಮ್, ನೂರರಲ್ಲಿ 138.5, ಪ್ಲಸ್ಸು ಮೈನಸ್ಸಿನ ರಗಳೆಯೇ ಇಲ್ಲ. ಆದರೆ 900 ಡಿಗ್ರಿಯ ಗೂಡಿನಲ್ಲಿ ಅದು ಬಾಳುವುದಿಲ್ಲ. 1821ರಲ್ಲಿ ಥರ್ಮೊಕಪಲ್ಲಿನ ಈ ಪರಿಣಾಮವನ್ನು ಕಂಡ ವಿಜ್ಞಾನಿ ಸೀಬೆಕ್ ಕೂಡ, ಪಕ್ಕದ ದಿಕ್ಸೂಚಿಯ ಮುಳ್ಳು ತಿರುಗಿದ್ದನ್ನು ನೋಡಿ, ಇದು ಕಾಂತತ್ವವೆಂದೇ ತಿಳಿದಿದ್ದನೆಂಬುದು ನನಗೆ ಆ ಹೊತ್ತಿನಲ್ಲಿ ದೊಡ್ಡ ಸಮಾಧಾನವಾಗಿತ್ತು.

ತಂತಿಗಳನ್ನು ತಿರುಗಿಸಿದೆ, ಮಾನ ಉಳಿಯಿತು. ಆದರೆ ಮೀಟರನ್ನು ದೂರದ ಕೋಣೆಗೆ ಸಾಗಿಸುವಾಗ ಥರ್ಮೊಕಪಲ್ಲಿಗೆಂದೇ ಬರುವ ಕಾಂಪೆನ್ಸೇಟಿಂಗ್ ಕೇಬಲ್ ಸಾಲದೆ, ಪೇಟೆಯಿಂದ ತಂದ ಸಾದಾ ತಾಮ್ರದ ವೈರನ್ನು ಜೋಡಿಸಿದ್ದೆ. ಗೂಡಿನ ಪಕ್ಕದ ಜೋಡಣೆ 80 ಡಿಗ್ರಿ ಕಾದಿತ್ತು, ಕೋಣೆ 30ರಲ್ಲಿತ್ತು. ಸೆನ್ಸರ್ ಅಂತರ ಎಣಿಸಿದ್ದು 80ರಿಂದ, ಮೀಟರು ಕೂಡಿಸಿಕೊಂಡದ್ದು ಕೋಣೆಯ 30 ಮಾತ್ರ; ನಡುವಿನ ಐವತ್ತನ್ನು ತಾಮ್ರ ಸದ್ದಿಲ್ಲದೆ ನುಂಗಿತು. ಗೂಡು 900 ಮುಟ್ಟಿದಾಗ ಮೀಟರು 850 ಎನ್ನುತ್ತಿತ್ತು.

ಅಜ್ಜ ಕಿಂಡಿಯಿಂದ ಇಣುಕಿ, "ಬೆಂದಾಯ್ತು ಸಾರ್, ಬಣ್ಣ ನೋಡಿ" ಎಂದರು. "ಮೀಟರು ಇನ್ನೂ ಬೇಕೆನ್ನುತ್ತಿದೆ" ಎಂದು ನಾನು ಸೌದೆ ಹಾಕಿಸಿದೆ.

ಗೂಡು ತಣ್ಣಗಾದ ಮೇಲೆ ಅವರು ಒಂದು ಮಾತೂ ಆಡಲಿಲ್ಲ. ಹಪ್ಪಳದಂತೆ ಸೊಟ್ಟಗಾಗಿದ್ದ ಎರಡು ಹೆಂಚುಗಳನ್ನು ತಂದು, ಆ ಚೀಟಿ ಗಾಳಿಗೆ ಹಾರಿಹೋಗದಂತೆ ಅದರ ಮೇಲಿಟ್ಟು ಹೋದರು.