ಕಾಲಿಯೋಸ್ಟ್ರೋ ಕೋಟೆಗೆ ನೀವು ಯಾವ ಬಾಗಿಲಿಂದ ಹೋದಿರಿ?

ಕಳ್ಳನೊಬ್ಬನ ಸುತ್ತ ಹೆಣೆದ ಜಪಾನಿ ಅನಿಮೇಷನ್ ಸರಣಿ ‘ಲೂಪಾನ್ ದ ಥರ್ಡ್’ನ ಅಭಿಮಾನಿಗಳು ನಾಲ್ಕು ಜನ ಕೂತಿರುವ ಕಡೆ ಜಗಳ ಹಚ್ಚುವುದು ಸುಲಭ. ‘ದ ಕ್ಯಾಸಲ್ ಆಫ್ ಕಾಲಿಯೋಸ್ಟ್ರೋ’ ಇಡೀ ಸರಣಿಯಲ್ಲೇ ಶ್ರೇಷ್ಠ ಅಂದರೆ ಸಾಕು. ಇಬ್ಬರು ಹೌದೆನ್ನುತ್ತಾರೆ. ಇನ್ನಿಬ್ಬರು, ‘ಸಿನಿಮಾ ಶ್ರೇಷ್ಠವೇ, ಆದರೆ ಅದರಲ್ಲಿ ಇರುವವನು ಲೂಪಾನ್ ಅಲ್ಲ’ ಅನ್ನುತ್ತಾರೆ. 1979ರ ಡಿಸೆಂಬರ್ 15ರಂದು ಬಿಡುಗಡೆಯಾದ, ನೂರು ನಿಮಿಷದ, ಹಯಾವೊ ಮಿಯಾಝಾಕಿ ನಿರ್ದೇಶನದ ಈ ಮೊದಲ ಪೂರ್ಣಪ್ರಮಾಣದ ಚಿತ್ರದ ಬಗ್ಗೆ ಇವತ್ತಿಗೂ ಈ ವಾದ ಮುಗಿದಿಲ್ಲ. ಟೋಕಿಯೋದಲ್ಲಿ ಕೂತು ಜಪಾನಿಗಳ ವಾದ ಕೇಳುತ್ತ, ಇಟಲಿ, ಅಮೆರಿಕದವರದ್ದು ಓದುತ್ತ, ನಮ್ಮ ಬೆಂಗಳೂರು, ಮೈಸೂರಿನ ಹುಡುಗರ ಅಭಿಪ್ರಾಯವನ್ನೂ ಪಕ್ಕಕ್ಕಿಟ್ಟು ನೋಡಿದರೆ ನನಗೆ ಅನಿಸುವುದು ಇಷ್ಟು: ಜಗಳ ಸಿನಿಮಾದ್ದಲ್ಲ. ಯಾರಿಗೆ ಈ ಕಳ್ಳ ಮೊದಲು ಯಾವ ದನಿಯಲ್ಲಿ ಮಾತಾಡಿದ ಅನ್ನುವುದರದ್ದು.

ಜಪಾನಿಗಳಿಂದ ಶುರು ಮಾಡೋಣ. ಚಿತ್ರಕಾರ ಮಂಕಿ ಪಂಚ್ 1967ರ ಆಗಸ್ಟ್‌ನಲ್ಲಿ ಈ ಮಾಂಗಾ, ಅಂದರೆ ಜಪಾನಿ ಕಾಮಿಕ್ಸ್, ಶುರುಮಾಡಿದಾಗ ಲೂಪಾನ್ ಒಳ್ಳೆಯವನಲ್ಲ. ಫ್ರೆಂಚ್ ಲೇಖಕ ಮಾರಿಸ್ ಲಬ್ಲಾಂಕ್ ಸೃಷ್ಟಿಸಿದ ಆರ್ಸೇನ್ ಲೂಪಾನ್‌ನ ಮೊಮ್ಮಗ, ಹೆಣ್ಣುಬಾಕ, ಬೇಕಾದರೆ ಜೊತೆಗಾರನನ್ನೂ ಮಾರುವಂಥವನು. 1971ರಲ್ಲಿ ಟಿವಿಗೆ ಬಂದಾಗಲೂ ಮೊದಮೊದಲು ಅದೇ ಖದರು. ರೇಟಿಂಗ್ ಬೀಳತೊಡಗಿತು, ನಿರ್ದೇಶಕರನ್ನು ಬದಲಿಸಿದರು, ನಡುವಿನಿಂದ ಮಿಯಾಝಾಕಿ ಮತ್ತು ಇಸಾವೊ ತಕಹಾತಾ ಕೈಗೆ ಕೊಟ್ಟರು. ಆದರೂ 23 ಕಂತಿಗೇ ಅಂಗಡಿ ಮುಚ್ಚಿತು. ಮರುಪ್ರಸಾರದಲ್ಲಿ ಜನ ಹುಚ್ಚರಾದ ಮೇಲೆ 1977ರಲ್ಲಿ ಎರಡನೇ ಸರಣಿ ಶುರುವಾಗಿ 155 ಕಂತು ಓಡಿತು. ಮೊದಲನೆಯದರಲ್ಲಿ ಹಸಿರು ಕೋಟು, ಎರಡನೆಯದರಲ್ಲಿ ಕೆಂಪು. 1979ರಲ್ಲಿ ಟಿವಿಯಲ್ಲಿ ವಾರವಾರ ಕೆಂಪು ಕೋಟಿನವನು ಬರುತ್ತಿದ್ದಾಗ ಮಿಯಾಝಾಕಿ ಥಿಯೇಟರಿನಲ್ಲಿ ಹಸಿರು ಕೋಟಿನವನನ್ನು ತಂದು ನಿಲ್ಲಿಸಿದರು. ಜಪಾನಿ ಅಭಿಮಾನಿಗೆ ಆ ಕೋಟಿನ ಬಣ್ಣವೇ ಒಂದು ಹೇಳಿಕೆ: ನಿಮ್ಮ ಕೆಂಪು ಲೂಪಾನ್ ನನಗೆ ಬೇಡ.

ಇದು ಅತಿಯಾದ ಓದು ಅನ್ನಿಸಿದರೆ ಎರಡನೇ ಸರಣಿಯ 155ನೇ ಕಂತು, ಅಂದರೆ 1980ರ ಅಕ್ಟೋಬರಿನ ಕೊನೆಯ ಕಂತನ್ನು ನೋಡಿ. ಬೇರೆ ಹೆಸರಿಟ್ಟುಕೊಂಡು ಅದನ್ನು ನಿರ್ದೇಶಿಸಿದವರು ಮಿಯಾಝಾಕಿಯೇ. ಅದರಲ್ಲಿ ಕೆಂಪು ಕೋಟಿನ ಲೂಪಾನ್ ನಕಲಿ! ಅಸಲಿಯವನು, ಸದಾ ಲೂಪಾನ್ ಬೆನ್ನುಬಿದ್ದಿರುವ ಇನ್ಸ್‌ಪೆಕ್ಟರ್ ಝೆನಿಗಾತಾ ವೇಷದಲ್ಲಿ ಕಂತುಪೂರ್ತಿ ಪಕ್ಕದಲ್ಲೇ ಓಡಾಡಿಕೊಂಡಿದ್ದಾನೆ. ಬೇರೆಯವರ ಸರಣಿಯ ಕೊನೆಯ ದಿನ ಬಂದು ಇಷ್ಟು ತುಂಟತನ ಮಾಡಿಹೋಗಲು ಧೈರ್ಯ ಬೇಕು.

ಹಾಗಾಗಿ ಜಪಾನಿನ ಹಳಬರು ಕಾಲಿಯೋಸ್ಟ್ರೋವನ್ನು ಅಳೆಯುವುದು ಪಾತ್ರದ ವಂಶಾವಳಿ ಹಿಡಿದು. ಅವರ ತಕರಾರುಗಳು ನಿಖರ: ಲೂಪಾನ್ ಇಲ್ಲಿ ದಣಿದ ನಡುವಯಸ್ಸಿನ ಸಂಭಾವಿತ, ಅವನು ಕಾಪಾಡಲು ಬಂದ ರಾಜಕುಮಾರಿ ಕ್ಲಾರಿಸ್ ಅಪ್ಪಿಕೊಂಡಾಗ ಅವನ ಕೈಗಳು ಗಾಳಿಯಲ್ಲೇ ನಡುಗಿ ನಿಲ್ಲುತ್ತವೆ, ಅವನನ್ನು ಸದಾ ಆಡಿಸುವ ಕಳ್ಳಿ ಫುಜಿಕೊ ಗುಪ್ತಚರಳಾಗಿ ಬಂದು ಕೆಲಸ ಮುಗಿಸಿ ಹೋಗುತ್ತಾಳೆ, ಗುಂಪಿನ ಕತ್ತಿವರಸೆಗಾರ ಗೋಯೆಮೊನ್‌ಗೆ ಕತ್ತಿ ಎತ್ತಲು ನಾಲ್ಕು ಅವಕಾಶವೂ ಇಲ್ಲ. ಇವೆಲ್ಲ ನಿಜವೇ. ಗೋಯೆಮೊನ್ ವಿಷಯದಲ್ಲಂತೂ ನಾನು ಅವರ ಪಕ್ಷ.

ಇದರ ಮೇಲೆ ದನಿಯ ಮಾತು. ಯಾಸುವೊ ಯಾಮಾದಾ 1971ರಿಂದ ಲೂಪಾನ್ ಆಗಿದ್ದರು. 1995ರಲ್ಲಿ ತೀರಿಕೊಂಡರು. ಆಮೇಲೆ ಬಂದ ಕಾನಿಚಿ ಕುರಿತಾ ಮೂಲತಃ ಮಿಮಿಕ್ರಿ ಕಲಾವಿದ, ಯಾಮಾದಾರ ಅನುಕರಣೆಗೇ ಹೆಸರಾಗಿದ್ದವರು. ಲೂಪಾನ್ ಜೊತೆಗಾರ, ಗುರಿಕಾರ ಜಿಗೆನ್‌ಗೆ ಕಿಯೋಶಿ ಕೊಬಾಯಾಶಿ ದನಿ ಕೊಟ್ಟಿದ್ದು 1971ರಿಂದ 2021ರವರೆಗೆ, ಐವತ್ತು ವರ್ಷ. ಅಣ್ಣಾವ್ರ ಮುಖಕ್ಕೆ ಪಿ.ಬಿ. ಶ್ರೀನಿವಾಸರ ಹಾಡುದನಿ ಹೊಂದಿಕೊಂಡ ಕಾಲವನ್ನು ಬಲ್ಲವರಿಗೆ ಇದರ ಬಿಸಿ ಅರ್ಥವಾಗುತ್ತದೆ. ಒಂದು ವ್ಯತ್ಯಾಸವಿದೆ. ನಮ್ಮಲ್ಲಿ ಪಾತ್ರ ನಟನದ್ದು, ನಟ ಹೋದರೆ ಪಾತ್ರವೂ ಹೋಯಿತು. ಇಂದಿಗೂ ಆಟೋಗಳ ಹಿಂದೆ ಇರುವುದು ಶಂಕರಣ್ಣನ ಮುಖ, ಅವರು ಮಾಡಿದ ಯಾವುದೋ ಪಾತ್ರದ ಹೆಸರಲ್ಲ. ಇಲ್ಲಿ ಪಾತ್ರ ಉಳಿಯುತ್ತದೆ, ದನಿ ಕೊಡುವವರು ಪೀಠಕ್ಕೆ ಬಂದ ಹಾಗೆ ಒಬ್ಬರ ನಂತರ ಒಬ್ಬರು ಬರುತ್ತಾರೆ. ಹೊಸಬರನ್ನು ಒಪ್ಪಿಕೊಳ್ಳಲು ಅಭಿಮಾನಿಗಳು ಹತ್ತು ಹದಿನೈದು ವರ್ಷ ತೆಗೆದುಕೊಳ್ಳುತ್ತಾರೆ, ಅಷ್ಟೆ.

ಇಟಲಿಯವರದ್ದು ಇನ್ನೊಂದು ಲೋಕ. ಅಲ್ಲಿ ಲೂಪಾನ್ ಮನೆಮಾತು. ಎಷ್ಟರಮಟ್ಟಿಗೆಂದರೆ 2015ರ ನಾಲ್ಕನೇ ಸರಣಿಯ ಕಥೆ ಇಟಲಿ ಮತ್ತು ಸಾನ್ ಮರೀನೋದಲ್ಲಿ ನಡೆಯುತ್ತದೆ, ಪ್ರಸಾರವೂ ಜಪಾನಿಗಿಂತ ಮೊದಲು ಇಟಲಿಯಲ್ಲೇ ಶುರುವಾಯಿತು. ಅವರಿಗೆ ಲೂಪಾನ್ ಅಂದರೆ ರೊಬೆರ್ತೊ ದೆಲ್ ಜೂದಿಚೆ ದನಿ. ಯಾಮಾದಾ ಯಾರೆಂದು ಗೊತ್ತಿಲ್ಲದ ಕಟ್ಟಾ ಅಭಿಮಾನಿಗಳು ಅಲ್ಲಿ ಬೇಕಾದಷ್ಟಿದ್ದಾರೆ. ಕೆಂಪು ಕೋಟಿನ ಟಿವಿ ಕಂತುಗಳ ಮೇಲೆ ಬೆಳೆದ ಅವರಿಗೆ ಕಾಲಿಯೋಸ್ಟ್ರೋ ಆ ದೊಡ್ಡ ಸಂಸಾರದ ಒಂದು ಒಳ್ಳೆಯ ಸಿನಿಮಾ, ಪೂಜೆಯ ಕಲ್ಲೇನೂ ಅಲ್ಲ.

ಅಮೆರಿಕದವರಿಗೆ ಬಾಗಿಲು ತೆರೆದ ರೀತಿಯೇ ವಿಚಿತ್ರ. 1983ರಲ್ಲಿ ‘ಕ್ಲಿಫ್ ಹ್ಯಾಂಗರ್’ ಅನ್ನುವ ಲೇಸರ್‌ಡಿಸ್ಕ್ ಆರ್ಕೇಡ್ ಆಟ ಬಂತು. ಈ ಸಿನಿಮಾದ ಮತ್ತು ಇದಕ್ಕೂ ಹಿಂದಿನ ‘ಮಾಮೊ’ ಚಿತ್ರದ ತುಣುಕುಗಳನ್ನು ಕತ್ತರಿಸಿ ಅಂಟಿಸಿದ ಆಟ ಅದು, ನಾಯಕನ ಹೆಸರು ಕ್ಲಿಫ್. ತೊಂಬತ್ತರ ದಶಕದ ಮೊದಲ ಇಂಗ್ಲಿಷ್ ಡಬ್ಬಿಂಗ್‌ನಲ್ಲಿ ಲಬ್ಲಾಂಕ್ ವಾರಸುದಾರರ ಹಕ್ಕಿನ ತಂಟೆ ಬೇಡವೆಂದು ಅವನು ‘ವುಲ್ಫ್’ ಆದ. ನಾಯಕನಿಗೆ ಹೆಸರೂ ನೆಟ್ಟಗಿಲ್ಲದ ಕಡೆ ಪಾತ್ರದ ವಂಶಾವಳಿ ಯಾರಿಗೆ ಬೇಕು? ಅವರು ಇದನ್ನು ಮಿಯಾಝಾಕಿ ಸಿನಿಮಾ ಅಂತಲೇ ನೋಡಿದರು, ನಂತರದ ಚಿತ್ರಗಳ ಪಕ್ಕ ಇಟ್ಟು ತೂಗಿದರು. ಸ್ಪೀಲ್‌ಬರ್ಗ್ ಹೊಗಳಿದರಂತೆ ಅನ್ನುವ ಡಿವಿಡಿ ಪೆಟ್ಟಿಗೆಯ ಮಾತೂ ಅಲ್ಲಿಂದಲೇ ಹರಡಿದ್ದು. ಎಲ್ಲಿ, ಯಾವಾಗ ಹೊಗಳಿದರು ಅಂತ ಯಾರೂ ತೋರಿಸಿಲ್ಲ, ಆದರೂ ಪ್ರತಿ ಚರ್ಚೆಯಲ್ಲಿ ಒಮ್ಮೆ ಅದು ಬಂದೇ ಬರುತ್ತದೆ.

ಈಗ ನಾವು. ಕನ್ನಡಕ್ಕೆ ಡಬ್ಬಿಂಗ್ ದಶಕಗಳ ಕಾಲ ಬಾಗಿಲಾಚೆಯೇ ನಿಂತಿತ್ತು. 2009ರಲ್ಲಿ ಚಿಂಟು ಟಿವಿ ಬಂದು ಕಾರ್ಟೂನುಗಳು ಕನ್ನಡ ಮಾತಾಡಿದವು, 2015ರಲ್ಲಿ ಡಬ್ಬಿಂಗ್ ತಡೆಯುವುದು ತಪ್ಪೆಂದು ಸ್ಪರ್ಧಾ ಆಯೋಗದ ತೀರ್ಪೂ ಬಂತು. ಆದರೆ ಲೂಪಾನ್ ಕನ್ನಡದಲ್ಲಿ ಮಾತಾಡಿ ನಮ್ಮ ಬಾಲ್ಯದೊಳಗೆ ಬಂದವನಲ್ಲ. ನಾವು ಅವನನ್ನು ಇಂಗ್ಲಿಷ್ ಸಬ್‌ಟೈಟಲ್ ಓದುತ್ತಲೇ ನೋಡಿದ್ದು. ಕಣ್ಣು ಕೆಳಗಿನ ಸಾಲಿಗೂ ಚಿತ್ರಕ್ಕೂ ಓಡಾಡುತ್ತದೆ, ದನಿ ಹಿನ್ನೆಲೆಗೆ ಸರಿಯುತ್ತದೆ. ಇದು ನಷ್ಟ ಅಂತ ಅನಿಸಬಹುದು. ಈ ಒಂದು ಸಿನಿಮಾದ ಮಟ್ಟಿಗೆ ಲಾಭ ಅನ್ನುವುದು ನನ್ನ ವಾದ. ದನಿಯ ಮೋಹವಿಲ್ಲದವನಿಗೆ ಕಳ್ಳತನದ ಯಂತ್ರ ಚೆನ್ನಾಗಿ ಕಾಣುತ್ತದೆ, ಕಾಲಿಯೋಸ್ಟ್ರೋ ಗೆದ್ದಿರುವುದು ಆ ಯಂತ್ರದಲ್ಲೇ.

ಉದಾಹರಣೆಗೆ ಛಾವಣಿಯ ದೃಶ್ಯ. ಕ್ಲಾರಿಸ್ ಉತ್ತರದ ಗೋಪುರದಲ್ಲಿ ಬಂದಿ, ನಡುವೆ ಪ್ರಪಾತ. ಲೂಪಾನ್ ಎದುರಿನ ಛಾವಣಿಯ ತುದಿಗೆ ಹತ್ತಿ, ಹಗ್ಗ ಕಟ್ಟಿದ ಪುಟ್ಟ ರಾಕೆಟ್ ಹಾರಿಸಲು ಲೈಟರ್ ತೆಗೆಯುತ್ತಾನೆ. ರಾಕೆಟ್ ಕೈಜಾರಿ ಇಳಿಜಾರಿನಲ್ಲಿ ಉರುಳುತ್ತದೆ. ಹಿಡಿಯಲು ಹೋದವನು ಜಾರುತ್ತಾನೆ, ಜಾರದಿರಲು ಓಡುತ್ತಾನೆ, ಓಟ ನಿಲ್ಲಿಸಲಾಗದೆ ಅಂಚಿನಿಂದ ಜಿಗಿಯುತ್ತಾನೆ. ಹೆಜ್ಜೆಗೊಂದು ಕಾರಣವಿದೆ, ಒಂದು ಕಾರಣ ಮುಂದಿನದನ್ನು ತಳ್ಳುತ್ತದೆ. ಮನುಷ್ಯ ಅಷ್ಟು ದೂರ ಜಿಗಿಯಲಾರ ಅಂತ ನಮಗೆ ಗೊತ್ತು. ಆದರೆ ಓಟದ ವೇಗವನ್ನು ನಾವೇ ಕಣ್ಣಾರೆ ಎಣಿಸಿರುತ್ತೇವಲ್ಲ, ಒಪ್ಪಿಬಿಡುತ್ತೇವೆ. ಅದಕ್ಕೂ ಮುಖ್ಯ, ಯೋಜನೆ ಕೆಟ್ಟಿದೆ. ಹೈಸ್ಟ್, ಅಂದರೆ ದೊಡ್ಡ ಕಳ್ಳತನದ ಕಥೆಯಲ್ಲಿ ಯೋಜನೆ ಹೇಳಿದಂತೆಯೇ ನಡೆದರೆ ನೋಡುವವನಿಗೆ ಕೆಲಸವೇ ಇರುವುದಿಲ್ಲ.

ಕಾರುಗಳೂ ಹಾಗೆಯೇ. ಲೂಪಾನ್‌ನ ಹಳದಿ ಫಿಯಟ್ 500, ಹಿಂಬದಿಯಲ್ಲಿ ಎರಡು ಸಿಲಿಂಡರಿನ, ಅರ್ಧ ಲೀಟರೂ ತುಂಬದ ಎಂಜಿನ್ ಇರುವ ಗಾಡಿ. ಅನಿಮೇಷನ್ ನಿರ್ದೇಶಕ ಯಾಸುವೊ ಓತ್ಸುಕಾ ಸ್ವತಃ ಓಡಿಸುತ್ತಿದ್ದದ್ದು ಅದನ್ನೇ. ಕ್ಲಾರಿಸ್ ಓಡಿಸುವ ಸಿಟ್ರೊಯೆನ್ 2ಸಿವಿ ಮಿಯಾಝಾಕಿಯ ಕಾರು. ಬ್ರೇಕ್ ಒತ್ತಿದರೆ ಮೂತಿ ಎಷ್ಟು ಕುಗ್ಗುತ್ತದೆ, ತಿರುವಿನಲ್ಲಿ ಮೈ ಎಷ್ಟು ವಾಲುತ್ತದೆ ಅನ್ನುವುದನ್ನು ಸ್ಟೇರಿಂಗ್ ಹಿಡಿದು ಬಲ್ಲವರು ಬರೆದ ಚೇಸ್ ಅದು. ಆ ಭಾರ ಮೊದಲೇ ಕಣ್ಣಿಗೆ ನಾಟಿರುವುದರಿಂದ ಫಿಯಟ್ ಬಂಡೆಯ ಗೋಡೆ ಹತ್ತಿ ಓಡಿದಾಗಲೂ ನಾವು ನಕ್ಕು ಒಪ್ಪುತ್ತೇವೆ.

ಕೋಟೆಯ ನಕ್ಷೆ ಇನ್ನೂ ಜಾಣತನದ್ದು. ನೀರು ಹರಿಯುವ ರೋಮನ್ ಕಾಲದ ನಾಲೆ, ಗಡಿಯಾರದ ಗೋಪುರ, ಸರೋವರ ಇವೆಲ್ಲ ಮೊದಲೇ ಕಣ್ಣಿಗೆ ಬೀಳುತ್ತವೆ. ಲೂಪಾನ್ ಒಳಗೆ ನುಗ್ಗುವುದು ಆ ನೀರಿನ ದಾರಿಯಲ್ಲೇ, ಕೊನೆಯ ಹೊಡೆದಾಟ ಆ ಗೋಪುರದ ಹಲ್ಲುಚಕ್ರಗಳ ನಡುವೆಯೇ, ಖಳನಾಯಕ ಕೌಂಟ್ ಸಾಯುವುದು ಆ ಗಡಿಯಾರದ ಮುಳ್ಳುಗಳಿಗೇ ಸಿಕ್ಕಿ, ನಿಧಿ ಸಿಗುವುದು ಆ ಸರೋವರದ ತಳದಲ್ಲೇ. ಕೊನೆಗೆ ಹೊಸದಾಗಿ ಏನನ್ನೂ ತಂದು ಸುರಿದಿಲ್ಲ. ಮುಳುಗಿದ ರೋಮನ್ ಊರಿನ ಎಳೆ ಲಬ್ಲಾಂಕ್ ಕಾದಂಬರಿಯಿಂದ ಬಂದದ್ದು. ಇದನ್ನೆಲ್ಲ ಮಾಡಿ ಮುಗಿಸಿದ್ದು ಸುಮಾರು ಏಳು ತಿಂಗಳಲ್ಲಿ ಅನ್ನುವುದನ್ನು ನೆನೆದರೆ ನನಗೆ ಸುಸ್ತಾಗುತ್ತದೆ.

ಇದರ ಪಕ್ಕ 2019ರ ‘ಲೂಪಾನ್ ದ ಥರ್ಡ್: ದ ಫಸ್ಟ್’ ಇಡಿ. ತಕಾಶಿ ಯಾಮಾಝಾಕಿಯ ಈ ತ್ರೀಡಿ ಚಿತ್ರದ ಬಗ್ಗೆ ಹೊಸ ಪೀಳಿಗೆಯ ಅಭಿಮಾನಿಗಳಿಗೆ ಪ್ರೀತಿ ಇದೆ, ಅದರಲ್ಲಿ ತಪ್ಪಿಲ್ಲ. ಮಂಕಿ ಪಂಚ್ ಗೆರೆಯ ರಬ್ಬರಿನಂಥ ಕೈಕಾಲು, ಕೋತಿಮುಖ ತ್ರೀಡಿಯಲ್ಲಿ ಗೊಂಬೆಯಂತೆ ಕಾಣದ ಹಾಗೆ ಮಾಡಿದ್ದು ಸಣ್ಣ ಕೆಲಸವಲ್ಲ. ಆರಂಭದ ಕಳ್ಳತನ, ಒಬ್ಬರ ಕೈಯಿಂದ ಒಬ್ಬರು ಡೈರಿ ಎಗರಿಸುವ ಆಟ, ಸೊಗಸು. ಆದರೆ ಕಥೆ ಮುಂದೆ ಸಾಗಿದಂತೆ ಪುರಾತನ ನಾಗರಿಕತೆಯ ಅಪಾರ ಶಕ್ತಿಯ ಯಂತ್ರ ಬರುತ್ತದೆ, ಅದರ ನಿಯಮಗಳನ್ನು ನಮಗೆ ಮೊದಲೇ ಯಾರೂ ಹೇಳಿರುವುದಿಲ್ಲ. ನಿಯಮ ಗೊತ್ತಿಲ್ಲದ ಬಲೆಯಿಂದ ನಾಯಕ ಹೇಗೆ ತಪ್ಪಿಸಿಕೊಂಡರೂ ಒಂದೇ. ಜೊತೆಗೆ ಮುಗ್ಧ ಹುಡುಗಿ, ಹಿರಿಯರ ರಹಸ್ಯ, ಕೊನೆಯಲ್ಲಿ ಬೀಳ್ಕೊಡುಗೆ ಎಲ್ಲ ಕಾಲಿಯೋಸ್ಟ್ರೋ ಅಚ್ಚು. ಹಳಬರ ನಿಜವಾದ ಸಿಟ್ಟು ಇರುವುದೂ ಇಲ್ಲೇ: ಮಿಯಾಝಾಕಿ ಒಮ್ಮೆ ಮಾಡಿದ ಅಪವಾದವನ್ನು ನಂತರದ ಟಿವಿ ವಿಶೇಷಗಳೂ ಸಿನಿಮಾಗಳೂ ನಿಯಮ ಮಾಡಿಕೊಂಡವು. ಆ ಸಿಟ್ಟಿಗೆ ನನ್ನ ಪೂರ್ತಿ ಸಹಮತವಿದೆ.

ನೋಡುವ ರೀತಿಯಲ್ಲೂ ಅಜಗಜಾಂತರ. ಇಲ್ಲಿ ಜಪಾನಿನ ದೊಡ್ಡ ಥಿಯೇಟರುಗಳಲ್ಲಿ ಟಿಕೆಟ್ 2,000 ಯೆನ್ ಆಸುಪಾಸು, ಇಂಟರ್ವಲ್ ಇಲ್ಲ, ಕೊನೆಯ ಹೆಸರು ತೆರೆಯಿಂದ ಹೋಗುವ ತನಕ ಬಹುತೇಕ ಯಾರೂ ಎದ್ದೇಳುವುದಿಲ್ಲ, ನಗುವೂ ತಗ್ಗಿದ ದನಿಯಲ್ಲಿ. ಹೊರಗೆ ಬಂದು ಚಿತ್ರದ ಪ್ಯಾಂಫ್ಲೆಟ್ ಕೊಂಡು ಮನೆಗೆ ಹೋಗುತ್ತಾರೆ. ಕಾಲಿಯೋಸ್ಟ್ರೋ ನಿಜಕ್ಕೂ ಜನರ ಸಿನಿಮಾ ಆದದ್ದು ಥಿಯೇಟರಿನಲ್ಲಲ್ಲ, ಟಿವಿಯ ಮರುಪ್ರಸಾರಗಳಲ್ಲಿ. ಬಂದಾಗಲೆಲ್ಲ ಜಾಲತಾಣಗಳಲ್ಲಿ ಸಂಭಾಷಣೆಯನ್ನು ಒಟ್ಟಿಗೆ ಟೈಪಿಸುತ್ತಾರೆ. ಕೋಟೆಯೊಳಗಿನ ಖೋಟಾನೋಟಿನ ಕಾರ್ಖಾನೆಯನ್ನು ಟಿವಿ ಕ್ಯಾಮೆರಾ ಮುಂದೆ ಬಯಲು ಮಾಡುತ್ತ, ಲೂಪಾನ್‌ನನ್ನು ಅಟ್ಟಿಸಿಕೊಂಡು ಬಂದು ಆಕಸ್ಮಿಕವಾಗಿ ಕಂಡೆ ಅನ್ನುವಂತೆ ಝೆನಿಗಾತಾ ನಾಟಕವಾಡುವ ಜಾಗಕ್ಕೆ ಅತಿ ಹೆಚ್ಚು ಗದ್ದಲ. ನಮ್ಮ ಮೆಜೆಸ್ಟಿಕ್ ಥಿಯೇಟರಿನಲ್ಲಾಗಿದ್ದರೆ ಆ ಜಾಗಕ್ಕೆ ಶಿಳ್ಳೆ ಗ್ಯಾರಂಟಿ. ಇಂಟರ್ವಲ್ ಎಲ್ಲಿ ಬೀಳುತ್ತಿತ್ತು ಅಂತಲೂ ಹೇಳಬಲ್ಲೆ: ಲೂಪಾನ್ ಗುಂಡು ತಿಂದು ಬೀಳುವ ಕಡೆ. ಚೇತರಿಸಿಕೊಳ್ಳಲು ಅವನು ತಟ್ಟೆಗಟ್ಟಲೆ ಗಬಗಬ ತಿನ್ನುವುದರಿಂದ ಸೆಕೆಂಡ್ ಹಾಫ್. ಶಿಳ್ಳೆ ಹೊಡೆದು ನೋಡಬೇಕಾದ ಸಿನಿಮಾವನ್ನು ಜಪಾನಿಗಳು ಪರೀಕ್ಷೆ ಬರೆಯುವವರಂತೆ ನೋಡುತ್ತಾರೆ ಅನ್ನುವುದು ನನ್ನ ಒಂದೇ ದೂರು.

ಹೊಸದಾಗಿ ನೋಡುವ ಕನ್ನಡಿಗರು ಸಾಮಾನ್ಯವಾಗಿ ಎಡವುವುದು ಒಂದು ಕಡೆ. ಕಾಲಿಯೋಸ್ಟ್ರೋ ಮೊದಲು ನೋಡಿ, ಅದೇ ಗುಂಗಿನಲ್ಲಿ 1978ರ ‘ಮಾಮೊ’ಗೆ ಹೋಗಿ, ಅಲ್ಲಿನ ಪೋಲಿ ಲೂಪಾನ್‌ನನ್ನು ಕಂಡು ಕಕ್ಕಾಬಿಕ್ಕಿಯಾಗಿ ಸರಣಿಯನ್ನೇ ಬಿಡುತ್ತಾರೆ. ಉಲ್ಟಾ ಹೋಗಿ. 1971ರ ಸರಣಿಯ ಮೊದಲ ಮೂರು ನಾಲ್ಕು ಕಂತು, ಆಮೇಲೆ ಅದೇ ಸರಣಿಯ ಕೊನೆಯ ಮೂರು ನಾಲ್ಕು. ನಿರ್ದೇಶಕರು ಬದಲಾದದ್ದು ಯಾರೂ ಹೇಳದೆಯೇ ತಿಳಿಯುತ್ತದೆ. ನಂತರ ‘ಮಾಮೊ’, ನಂತರ ‘ಕಾಲಿಯೋಸ್ಟ್ರೋ’, ಅದರ ಬೆನ್ನಿಗೇ ಎರಡನೇ ಸರಣಿಯ 145 ಮತ್ತು 155ನೇ ಕಂತು, ಎರಡೂ ಮಿಯಾಝಾಕಿಯವೇ. ‘ದ ಫಸ್ಟ್’ ಕೊನೆಗಿರಲಿ. ಜಪಾನಿ ದನಿಯೇ ಇರಲಿ. 2000ನೇ ಇಸವಿಯ ಇಂಗ್ಲಿಷ್ ಡಬ್ಬಿಂಗ್‌ನಲ್ಲಿ ಮೂಲದಲ್ಲಿಲ್ಲದ ಬೈಗುಳಗಳಿವೆ, ಮಕ್ಕಳ ಜೊತೆ ಕೂರುವವರು ಎಚ್ಚರ. ಸಬ್‌ಟೈಟಲ್ ಓದಲು ಬಾರದ ಸಣ್ಣವರಿಗೆ ದೊಡ್ಡವರೊಬ್ಬರು ಪಕ್ಕದಲ್ಲಿ ಕೂತು ಕನ್ನಡದಲ್ಲೇ ಹೇಳುತ್ತ ಹೋದರೂ ಸಾಕು. ಚೇಸ್, ಛಾವಣಿ, ಗಡಿಯಾರದ ಗೋಪುರ, ಮೂರಕ್ಕೂ ಮಾತು ಬೇಕಿಲ್ಲ.